ರಾಯ್ ಕಜೇಲಿ ಹಾರಿದ್ದು, ಫ್ಲೈಟರ್ ಕೂಗಿದ್ದು

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನೋಡದವರಿಗೂ ರಾಯ್ ಕಜೇಲಿಯ ಕಥೆ ಹೇಳಲೇಬೇಕು ಅನ್ನಿಸುತ್ತೆ ನನಗೆ. ಆಟ ತೀರಾ ಕಷ್ಟದ್ದೇನಲ್ಲ. ಕ್ರಿಕೆಟ್ ಆಡುವಂಥ ದೊಡ್ಡ ಮೈದಾನ, ಮೊಟ್ಟೆ ಆಕಾರದ ಚೆಂಡು. ಒಬ್ಬ ದೂರದಿಂದ ಒದ್ದ ಚೆಂಡನ್ನು ಇನ್ನೊಬ್ಬ ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು ಮಾರ್ಕ್, ಆಮೇಲೆ ಅವನು ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ಹಾಗಾಗಿ ಎತ್ತರಕ್ಕೆ ಹಾರುವವನಿಗೆ ಬೆಲೆ ಜಾಸ್ತಿ.

ಕಜೇಲಿ ಹುಟ್ಟಿದ್ದು 1893ರಲ್ಲಿ, ಮೆಲ್ಬೋರ್ನ್‌ನ ಆಲ್ಬರ್ಟ್ ಪಾರ್ಕ್‌ನಲ್ಲಿ. 1911ರಲ್ಲಿ ಸೇಂಟ್ ಕಿಲ್ಡಾ ಕ್ಲಬ್ಬಿನ ಹಳೇ ಆಟಗಾರರು ಆಡಳಿತದವರ ಜೊತೆ ಜಗಳ ಮಾಡಿಕೊಂಡು ಆಡಲ್ಲ ಅಂತ ಕೂತಾಗ ಈ ಹುಡುಗನಿಗೆ ಅವಕಾಶ ಸಿಕ್ಕಿತು. ಅವನ ಕೆಲಸ ರಕ್‌ನಲ್ಲಿ, ಅಂದರೆ ಅಂಪೈರ್ ಚೆಂಡನ್ನು ಮೇಲಕ್ಕೆ ಚಿಮ್ಮಿಸಿದಾಗ ಎದುರಾಳಿಗಿಂತ ಮೊದಲು ಹಾರಿ ಅದನ್ನು ತನ್ನ ಕಡೆಯವರಿಗೆ ತಟ್ಟುವುದು. ಈ ಜಾಗಕ್ಕೆ ಉದ್ದನೆಯ ಆಳುಗಳೇ ಬೇಕು. ಕಜೇಲಿ ಇದ್ದದ್ದು 5 ಅಡಿ 11 ಇಂಚು.

ಅದಕ್ಕೆ ಅವನು ಕಂಡುಕೊಂಡ ದಾರಿ ನೋಡಿ. ಮನೆಯ ಶೆಡ್ಡಿನಲ್ಲಿ ಚಾವಣಿಯಿಂದ ಚೆಂಡು ನೇತುಹಾಕಿ, ಅದಕ್ಕೆ ಹಾರಿ ಹಾರಿ ಅಭ್ಯಾಸ ಮಾಡುತ್ತಿದ್ದ. ಹಾರುವಾಗ ಉಸಿರನ್ನು ಪೂರ್ತಿ ಎಳೆದುಕೊಳ್ಳುತ್ತಿದ್ದ, ಅದರಿಂದ ಮೈ ಇನ್ನಷ್ಟು ಮೇಲಕ್ಕೆ ಹೋಗುತ್ತೆ ಅನ್ನೋದು ಅವನ ನಂಬಿಕೆ. ವಿಜ್ಞಾನ ಒಪ್ಪಲಿ ಬಿಡಲಿ, ಅಷ್ಟು ಶ್ರದ್ಧೆಯಿಂದ ಒಂದೇ ಕೆಲಸವನ್ನು ತಿದ್ದಿಕೊಂಡವನು ಮೇಲೆ ಹೋಗದೆ ಇರ್ತಾನಾ?

ಮೊದಲ ಮಹಾಯುದ್ಧದ ಕಾಲ ಅವನ ಒಳ್ಳೆಯ ವಯಸ್ಸನ್ನೇ ತಿಂದುಹಾಕಿತು. 1916ರಲ್ಲಿ ಈ ಕ್ಲಬ್ಬುಗಳು ಆಡುತ್ತಿದ್ದ ಲೀಗಿನಲ್ಲಿ ಉಳಿದದ್ದು ನಾಲ್ಕೇ ಕ್ಲಬ್, ಸೇಂಟ್ ಕಿಲ್ಡಾ ಅದರಲ್ಲಿ ಇರಲಿಲ್ಲ. ಅದು ಮತ್ತೆ ಆಡಿದ್ದು 1918ರಲ್ಲಿ.

1921ರಲ್ಲಿ ಸೌತ್ ಮೆಲ್ಬೋರ್ನ್ ಕ್ಲಬ್ಬಿಗೆ ಹೋದ ಮೇಲೆ ಅವನ ಹೆಸರು ಊರೆಲ್ಲ ಹಬ್ಬಿತು. ಅಲ್ಲಿ ಜೊತೆಗಿದ್ದವರು ಫ್ರೆಡ್ ಫ್ಲೈಟರ್ ಮತ್ತು ಮಾರ್ಕ್ ಟ್ಯಾಂಡಿ. ಗಟ್ಟಿಮುಟ್ಟಾದ ಫ್ಲೈಟರ್ ಎದುರಾಳಿಗಳನ್ನು ಮೈಯಿಂದಲೇ ತಡೆದು ಜಾಗ ಮಾಡಿಕೊಡುತ್ತಿದ್ದ, ಕಜೇಲಿ ಹಾರಿ ಚೆಂಡು ತಟ್ಟುತ್ತಿದ್ದ, ಕೆಳಗೆ ಕಾಯುತ್ತಿದ್ದ ಟ್ಯಾಂಡಿ ಅದನ್ನು ಎತ್ತಿಕೊಂಡು ಓಡುತ್ತಿದ್ದ. ಹಾರುವ ಹೊತ್ತಿಗೆ ಫ್ಲೈಟರ್ ಕೂಗುತ್ತಿದ್ದದ್ದು "ಅಪ್ ದೇರ್, ಕಜೇಲಿ!" ಹಾರು ಮಾರಾಯ, ಇಲ್ಲಿ ನಾನಿದ್ದೀನಿ ಅನ್ನೋ ಥರ. ಆಮೇಲೆ ಪ್ರೇಕ್ಷಕರೂ ಅದನ್ನೇ ಕೂಗತೊಡಗಿದರು. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿದ್ದ ಆಸ್ಟ್ರೇಲಿಯಾದ ಸೈನಿಕರ ಬಾಯಲ್ಲೂ ಅದೇ ಕೂಗು.

ಸೇಂಟ್ ಕಿಲ್ಡಾಕ್ಕೆ 99 ಪಂದ್ಯ, ಸೌತ್ ಮೆಲ್ಬೋರ್ನ್‌ಗೂ 99. ಲೀಗಿನ ಪ್ರಶಸ್ತಿ ಮಾತ್ರ ಆಟಗಾರನಾಗಿ ಒಮ್ಮೆಯೂ ಸಿಗಲಿಲ್ಲ. ಸೌತ್ ಗೆದ್ದದ್ದು 1918ರಲ್ಲಿ, ಮತ್ತೆ 1933ರಲ್ಲಿ, ಇವನು ಇದ್ದದ್ದು ನಡುವಿನ ವರ್ಷಗಳಲ್ಲಿ. ನನಗೆ ಇದು ಈಗಲೂ ಅನ್ಯಾಯ ಅನ್ನಿಸುತ್ತೆ. ಅವನು ಮಾತ್ರ ಆಟ ಬಿಡಲಿಲ್ಲ, ಟ್ಯಾಸ್ಮೇನಿಯಾಕ್ಕೆ ಹೋಗಿ ಅಲ್ಲೂ ಆಡಿದ, ಬೇರೆಯವರಿಗೂ ಕಲಿಸಿದ. 1963ರಲ್ಲಿ ತೀರಿಕೊಂಡದ್ದೂ ಹೋಬಾರ್ಟ್‌ನಲ್ಲೇ.

1996ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ ಲೆಜೆಂಡ್‌ಗಳ ಸಾಲಿನಲ್ಲೇ ಕಜೇಲಿಯ ಹೆಸರು ಬಂತು. ಅದು ಬರಬೇಕಾದ್ದೇ. ಆದರೆ ಕೂಗು ಗೊತ್ತಿರುವ ಎಷ್ಟು ಜನಕ್ಕೆ ಫ್ಲೈಟರ್ ಗೊತ್ತು ಹೇಳಿ? ಪಕ್ಕದಲ್ಲಿ ನಿಂತು ನಾಲ್ಕು ಜನರ ಪೆಟ್ಟು ತಿಂದವನು ಅವನು ಅಲ್ವಾ? ಇನ್ನು ಮುಂದೆ ಕಜೇಲಿಯ ಹೆಸರು ಹೇಳುವಾಗ ಅವನದ್ದನ್ನೂ ಸೇರಿಸಿ ಹೇಳಿ.