ಕಾಚಂಪುಳಿಯ ಹುಳಿ, ಪ್ರೋಟಾನಿನ ಪಯಣ

ನಮ್ಮ ಕೊಡಗಿನ ಅಡುಗೆಮನೆಗಳಲ್ಲಿ ಹಂದಿ ಕರಿಗೆ ಹಾಕುವ ಕಾಚಂಪುಳಿ ಎಂಬ ಕಪ್ಪು ಹಣ್ಣಿನ ರಸದ ಹುಳಿಗೆ ಕಾರಣವಾದ ಆಮ್ಲಗಳಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೂ ಒಂದು. ಅದರ ಅಣುವಿನಲ್ಲಿರುವ ಮೂರು ಕಾರ್ಬಾಕ್ಸಿಲ್ (COOH) ಗುಂಪುಗಳು ನೀರಿಗೆ ಜಲಜನಕದ ಧನ ವಿದ್ಯುದಂಶದ ಬೀಜಕೇಂದ್ರಗಳಾದ ಪ್ರೋಟಾನ್‌ಗಳನ್ನು ಬಿಟ್ಟುಕೊಡಬಲ್ಲವು. ಹಾಗೆ ಹೊರಬಂದ ಪ್ರೋಟಾನ್ ಒಂಟಿಯಾಗಿ ಉಳಿಯಲಾರದು. ನೀರಿನ ಅಣುವೊಂದನ್ನು ಸೇರಿ ಹೈಡ್ರೋನಿಯಂ ಎಂಬ ಅಯಾನು, ಅಂದರೆ ವಿದ್ಯುದಂಶವುಳ್ಳ ಕಣ, ಆಗುತ್ತದೆ.

ನನ್ನನ್ನು ಬಹುವಾಗಿ ಸೆಳೆದಿರುವುದು ಅದರ ಮುಂದಿನ ನಡೆ. ನೀರಿನ ಅಣುಗಳು ಜಲಜನಕ ಬಂಧಗಳಿಂದ (ಒಂದು ಅಣುವಿನ ಜಲಜನಕಕ್ಕೂ ನೆರೆಯ ಅಣುವಿನ ಆಮ್ಲಜನಕಕ್ಕೂ ನಡುವಿನ ದುರ್ಬಲ ಸೆಳೆತದಿಂದ) ಪರಸ್ಪರ ಹೆಣೆದುಕೊಂಡಿರುವುದರಿಂದ, ಹೈಡ್ರೋನಿಯಂ ತನ್ನ ಒಂದು ಪ್ರೋಟಾನನ್ನು ನೆರೆಯ ಅಣುವಿಗೆ ದಾಟಿಸುತ್ತದೆ, ಆ ಅಣು ತನ್ನಲ್ಲಿದ್ದ ಮತ್ತೊಂದನ್ನು ಆಚೆಯ ಅಣುವಿಗೆ ಕೊಡುತ್ತದೆ. ಹೀಗೆ ದೂರ ಸಾಗುವುದು ಧನ ವಿದ್ಯುದಂಶವೇ ಹೊರತು ಮೊದಲಿನ ಅದೇ ಪ್ರೋಟಾನ್ ಅಲ್ಲ. ನೀರಿನಲ್ಲಿ ಅದರ ಚಲನಶೀಲತೆ ಸೋಡಿಯಂ ಅಯಾನಿನದಕ್ಕಿಂತ ಸುಮಾರು 7 ಪಟ್ಟು ಹೆಚ್ಚಾಗಿರುವುದು ಇದರಿಂದಲೇ. ಇಂಥ ಸರಪಳಿ ವರ್ಗಾವಣೆಯ ಮೂಲ ಕಲ್ಪನೆಯನ್ನು ರಸಾಯನವಿಜ್ಞಾನಿ ಗ್ರೋಟಸ್ 1806ರಲ್ಲಿ, ನೀರಿನ ಅಣುಸೂತ್ರವೇ ಖಚಿತವಾಗಿರದ ಕಾಲದಲ್ಲಿ, ಮುಂದಿಟ್ಟದ್ದು ನಿಜಕ್ಕೂ ಅಸಾಧಾರಣ ಒಳನೋಟ.

ನೀರಿನ ಜಲಜನಕ ಬಂಧದ ಬಲ ಮೋಲ್‌ಗೆ ಸುಮಾರು 20 ಕಿಲೋಜೌಲ್. ಆಮ್ಲಜನಕ ಮತ್ತು ಜಲಜನಕದ ನಡುವಿನ, ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಸಹವೇಲೆನ್ಸಿ ಬಂಧದ್ದು ಸುಮಾರು 460. ಈ ದೌರ್ಬಲ್ಯವೇ ಇಲ್ಲಿ ಉಪಕಾರಿ: ಜಲಜನಕ ಬಂಧಗಳು ಪಿಕೋಸೆಕೆಂಡುಗಳಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗಗಳಲ್ಲಿ) ಮುರಿದು ಮತ್ತೆ ಕೂಡುವುದರಿಂದ ದಾರಿ ಸದಾ ಹೊಸದಾಗುತ್ತಿರುತ್ತದೆ.

ಜೀವಕೋಶವೂ ಪ್ರೋಟಾನಿನ ಚಲನೆಯನ್ನೇ ನೆಚ್ಚಿಕೊಂಡಿದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದ ಒಳಪೊರೆಯಾಚೆ ಸೇರಿದ ಪ್ರೋಟಾನ್‌ಗಳು ಮರಳಿ ಹರಿಯುವಾಗ ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಅಣು ತಯಾರಾಗುತ್ತದೆ. ಈ ವಿಚಾರಕ್ಕಾಗಿ ಜೀವರಸಾಯನವಿಜ್ಞಾನಿ ಪೀಟರ್ ಮಿಚೆಲ್ 1978ರಲ್ಲಿ ನೊಬೆಲ್ ಪಡೆದರು. ನಮ್ಮ ಕೆಂಪು ರಕ್ತಕಣಗಳಲ್ಲಿರುವ ಕಾರ್ಬಾನಿಕ್ ಆನ್‌ಹೈಡ್ರೇಸ್ ಕಿಣ್ವದಲ್ಲಂತೂ, ಸತುವಿಗೆ ಅಂಟಿದ ನೀರಿನಿಂದ ಹೊರಟ ಪ್ರೋಟಾನ್ ಕೆಲವೇ ನೀರಿನ ಅಣುಗಳ ಸಾಲಿನ ಮೂಲಕ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವೊಂದನ್ನು ತಲುಪಿ, ಅಲ್ಲಿಂದ ಹೊರಗಿನ ದ್ರವವನ್ನು ಸೇರುತ್ತದೆ.