ಅಂಗೈಯಷ್ಟಿರುವ ಗಾಜಿನ ಆಮೆಗೆ ಮೂರು ದಿನ ಯಾಕೆ?

ನಾನು ಮಾಡಿದ ಗಾಜಿನ ಆಮೆ, ಎಲೆ, ಗಣಪನನ್ನು ಕೈಗೆತ್ತಿಕೊಂಡವರು ಕೇಳುವುದು ಹೆಚ್ಚಾಗಿ ಇದನ್ನೇ: "ಗಾಜು ಕರಗಿಸಿ ಅಚ್ಚಿಗೆ ಸುರಿದರೆ ಆಯ್ತಲ್ಲ, ಮೂರು ದಿನ ಯಾಕೆ?" ಗಾಜು ಕರಗಲು ಹೆಚ್ಚು ಹೊತ್ತು ಬೇಡ. ಅದು ಆರಲು ಬೇಕು.

ಮೊದಲು ಮೇಣದಲ್ಲಿ ಆಮೆ ಮಾಡುತ್ತೇನೆ. ಅದನ್ನು ಅಳತೆ ಲೋಟದ ನೀರಿನಲ್ಲಿ ಸೂಜಿಯಿಂದ ಒತ್ತಿ ಮುಳುಗಿಸಿ, ನೀರು ಎಷ್ಟು ಏರಿತು ಎಂದು ಬರೆದಿಟ್ಟುಕೊಳ್ಳುತ್ತೇನೆ. 100 ಮಿಲಿ ಏರಿದರೆ 250 ಗ್ರಾಂ ಗಾಜು ಬೇಕು, ಏಕೆಂದರೆ ಗಾಜಿನ ತೂಕ ನೀರಿನ ಎರಡೂವರೆ ಪಟ್ಟು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿಯನ್ನು ಸಮತೂಕದಲ್ಲಿ ಬೆರೆಸಿ, ನೀರು ಹಾಕಿ ಕಲಸಿ, ಮೇಣದ ಸುತ್ತ ಹೊಯ್ಯುತ್ತೇನೆ. (ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳು ಮಾಡುತ್ತದೆ. ಸರಿಯಾದ ಮಾಸ್ಕ್ ಇಲ್ಲದೆ ಡಬ್ಬದ ಮುಚ್ಚಳ ತೆಗೆಯಲೇಬೇಡಿ.) ಅಚ್ಚು ಗಟ್ಟಿಯಾದ ಮೇಲೆ ಹಬೆ ಕೊಟ್ಟರೆ ಮೇಣ ಕರಗಿ ಇಳಿದುಹೋಗುತ್ತದೆ. ಆ ಜಾಗಕ್ಕೆ ಗಾಜಿನ ಚೂರು ತುಂಬಿ ವಿದ್ಯುತ್ ಕುಲುಮೆಯಾದ ಕಿಲ್ನ್‌ನಲ್ಲಿ ಇಡುತ್ತೇನೆ. ಅಚ್ಚಿನಲ್ಲಿ ಇನ್ನೂ ನೀರಿನಂಶ ಇರುವುದರಿಂದ ಶುರುವಿನಲ್ಲಿ ಕಾವು ಬಹಳ ನಿಧಾನವಾಗಿ ಏರಬೇಕು. ಸುಮಾರು 830 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಾಜು ಗಟ್ಟಿ ಬೆಲ್ಲದ ಪಾಕದಂತೆ ಇಳಿದು ಬೆರಳ ಸಂದಿಗಳನ್ನೂ ತುಂಬುತ್ತದೆ. ಇದಕ್ಕೆ ಕೆಲವು ಗಂಟೆ ಸಾಕು.

ಆಮೇಲಿನದೇ ನಿಜವಾದ ಕೆಲಸ. ಬೇಗ ಆರಿಸಿದರೆ ಹೊರಮೈ ಮೊದಲು ಬಿಗಿಯುತ್ತದೆ, ಒಳಗಿನ ಗಾಜು ಇನ್ನೂ ಬಿಸಿಯಾಗಿರುತ್ತದೆ. ಅದು ಆರುತ್ತಾ ಕುಗ್ಗಲು ನೋಡುತ್ತದೆ, ಬಿಗಿದ ಹೊರಮೈ ಬಿಡುವುದಿಲ್ಲ. ಆ ಎಳೆದಾಟ ಗಾಜಿನೊಳಗೇ ಉಳಿದುಬಿಡುತ್ತದೆ. ನೋಡಲು ಚೆನ್ನಾಗಿಯೇ ಇರುವ ಆಮೆ ವಾರಗಳ ನಂತರ ಷೋಕೇಸಿನಲ್ಲಿ ತಾನಾಗಿಯೇ ಬಿರುಕು ಬಿಡಬಹುದು. ಅದಕ್ಕೇ ಅನೀಲಿಂಗ್, ಅಂದರೆ ಗಾಜನ್ನು ಹದವಾಗಿ ನಿಧಾನಕ್ಕೆ ಆರಿಸುವುದು. ನಾನು ಬಳಸುವ ಬುಲ್ಸ್‌ಐ ಕಂಪನಿಯ ಗಾಜನ್ನು 482 ಡಿಗ್ರಿಯಲ್ಲಿ ನಿಲ್ಲಿಸಿ, ಒಳಗೂ ಹೊರಗೂ ಒಂದೇ ಕಾವು ಬಂದ ಮೇಲೆ ಗಂಟೆಗೆ ಕೆಲವೇ ಡಿಗ್ರಿಯಂತೆ ಇಳಿಸಬೇಕು. ದಪ್ಪ ಎರಡು ಪಟ್ಟಾದರೆ ಸಮಯ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ: ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಸುಮಾರು 14 ಗಂಟೆ, ಐದು ಸೆಂಟಿಮೀಟರ್‌ಗೆ ಹೆಚ್ಚುಕಡಿಮೆ ಎರಡು ದಿನ. 1934ರಲ್ಲಿ ಅಮೆರಿಕದ ಕಾರ್ನಿಂಗ್ ಕಾರ್ಖಾನೆಯವರು ಪಾಲೊಮಾರ್ ದೂರದರ್ಶಕಕ್ಕಾಗಿ 200 ಅಂಗುಲದ ಗಾಜಿನ ಬಿಲ್ಲೆ ಎರಕ ಹೊಯ್ದಾಗ, ಅದನ್ನು ಆರಿಸಲು ಸುಮಾರು ಹತ್ತು ತಿಂಗಳು ತೆಗೆದುಕೊಂಡರು!

ಆಮೆಯಲ್ಲಿ ಇನ್ನೊಂದು ತೊಡಕಿದೆ. ಬೆನ್ನು ದಪ್ಪ, ಕಾಲು ತೆಳು. ಎರಡೂ ಒಟ್ಟಿಗೆ ಆರಬೇಕಾದರೆ ಬೆನ್ನಿನ ಲೆಕ್ಕವನ್ನೇ ಹಿಡಿಯಬೇಕು, ಮೇಲೊಂದಿಷ್ಟು ಹೊತ್ತನ್ನೂ ಸೇರಿಸಬೇಕು. ಹೊರಬಂದ ಆಮೆಯನ್ನು ಅಡ್ಡಡ್ಡ ಜೋಡಿಸಿದ ಎರಡು ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ) ಫಿಲ್ಮ್‌ಗಳ ನಡುವೆ ಹಿಡಿದು, ಹಿಂದೆ ದೀಪ ಹಚ್ಚಿ ನೋಡುತ್ತೇನೆ. ಎಲ್ಲ ಸರಿಯಿದ್ದರೆ ಪೂರ್ತಿ ಕಪ್ಪು. ಕಾಲು ಬೆನ್ನಿಗೆ ಸೇರುವ ಕಡೆ ಬಿಳಿ ಬೆಳಕು ಕಂಡರೆ ಅಲ್ಲಿ ಬಿಗುವು ಉಳಿದಿದೆ ಎಂದರ್ಥ. ಅಂಥದ್ದನ್ನು ನಾನು ಯಾರಿಗೂ ಕೊಡುವುದಿಲ್ಲ.

ನಡುವೆ ಕರೆಂಟ್ ಹೋದರೆ? ಮುಚ್ಚಳ ತೆರೆದು ನೋಡಬಾರದು. ಕರೆಂಟ್ ಬಂದ ಮೇಲೆ, ಗಾಜು ಸೀಳದೆ ಉಳಿದಿದ್ದರೆ, ಮೆಲ್ಲಗೆ ಮತ್ತೆ 482ಕ್ಕೆ ಏರಿಸಿ ಅನೀಲಿಂಗನ್ನು ಮೊದಲಿನಿಂದ ಶುರುಮಾಡಬೇಕು. ಆಗ ಮೂರು ದಿನ ನಾಲ್ಕಾಗುತ್ತದೆ.