170 ಕಿ.ಮೀ. ಅಂತ ನಂಬಿ ಹೊರಟೆವು

ನಕ್ಷೆಯಲ್ಲಿ ಗೆರೆ ಎಳೆದು ನೋಡಿದರೆ ಸುಮಾರು 170 ಕಿ.ಮೀ. ಬೆಂಗಳೂರಿಂದ ಹಾಸನಕ್ಕೆ ಹೋದ ಹಾಗೆ, ಅಷ್ಟೇ ಅಲ್ವಾ ಅಂದುಕೊಂಡೆ. ಆದರೆ ಊರುಗಳು ಕೆನಡಾದ ಉತ್ತರದ ನುನಾವುಟ್ ಪ್ರದೇಶದ ಪಂಗ್‌ನಿರ್ಟಂಗ್ ಮತ್ತು ಕಿಕಿಕ್‌ಟಾರ್ಜುಆಕ್. ಎರಡನೆಯ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಳುವುದಿಲ್ಲ. ಅಲ್ಲಿ ಪಾಂಗ್, ಕಿಕ್ ಅಂತ ಚುಟುಕಾಗಿ ಕರೆಯುತ್ತಾರೆ.

ನುನಾವುಟ್‌ನಲ್ಲಿರುವ 25 ಊರುಗಳ ಮಧ್ಯೆ ರಸ್ತೆಯೇ ಇಲ್ಲ. ವಿಮಾನವೇ ಬಸ್ಸು. ನಮ್ಮ ದಿನಾಂಕಕ್ಕೆ ಪಾಂಗ್‌ನಿಂದ ಕಿಕ್‌ಗೆ ನೇರ ವಿಮಾನ ಇರಲಿಲ್ಲ. ಮೊದಲು 300 ಕಿ.ಮೀ. ದಕ್ಷಿಣಕ್ಕೆ, ರಾಜಧಾನಿ ಇಕಾಲುಯಿಟ್‌ಗೆ ಬರಬೇಕು. ಅಲ್ಲಿಂದ ಮತ್ತೆ ಉತ್ತರಕ್ಕೆ 470. ಕೊಂಕಣ ಸುತ್ತಿ ಮೈಲಾರಕ್ಕೆ ಅಂತಾರಲ್ಲ, ಅದೇ. ದಿನ ಗೊತ್ತು ಮಾಡುವ ಮೊದಲು ನೇರ ವಿಮಾನ ಯಾವ್ಯಾವ ದಿನ ಇದೆ ಅಂತ ಕೇಳಿಕೊಳ್ಳಿ, ದೂರ ನೋಡಬೇಡಿ.

ಪಾಂಗ್‌ನ ರನ್‌ವೇ ಊರ ನಡುವೆಯೇ ಇದೆ. ಜಲ್ಲಿ ಹಾಸಿದ್ದು, ಗಿಡ್ಡ. ಸುತ್ತ ಬೆಟ್ಟ. ಗಾಳಿ ಎದ್ದರೆ ಮುಗಿಯಿತು. ಆಗಸ್ಟ್ ತಿಂಗಳಲ್ಲೂ ನಾವು ಎರಡು ದಿನ ಕಾದೆವು. ಎರಡನೇ ದಿನ ವಿಮಾನದ ಸದ್ದೇನೋ ಕೇಳಿತು. ಮೋಡದ ಮೇಲೆ ಒಂದು ಸುತ್ತು ಹಾಕಿತು, ವಾಪಸ್ ಹೋಯಿತು. ಪಕ್ಕದಲ್ಲಿದ್ದ ಹೆಂಗಸು ಅಂಗಿಯ ಬೆನ್ನಚೀಲದಲ್ಲಿ ಮಗುವನ್ನು ಹೊತ್ತಿದ್ದರು. ತಲೆ ಎತ್ತಿ ಆ ಸದ್ದು ಕೇಳಿಸಿಕೊಂಡರು, ಮಾತಿಲ್ಲದೆ ಗಂಟುಮೂಟೆ ಎತ್ತಿಕೊಂಡು ಮನೆಗೆ ಹೊರಟರು. ನಾವು ಮಾತ್ರ ಕೌಂಟರ್ ಕಡೆ ನೋಡುತ್ತಾ ಸುಮ್ನೆ ಕೂತಿದ್ದೆವು.

ಇಕಾಲುಯಿಟ್ ತಲುಪುವಷ್ಟರಲ್ಲಿ ಮುಂದಿನ ವಿಮಾನ ತಪ್ಪಿತ್ತು. ಹವಾಮಾನದಿಂದ ತಡವಾದರೆ ರೂಮಿನ ಖರ್ಚು ನಮ್ಮದೇ. ಒಂದು ರಾತ್ರಿಗೆ 300 ಡಾಲರ್‌ಗಿಂತ ಜಾಸ್ತಿ ಕಿತ್ತರು. ಆ ದುಡ್ಡಿಗೆ ಸಿಕ್ಕಿದ್ದು ಸರಿಯಾಗಿ ಮುಚ್ಚದ ಕಿಟಕಿ, ಒದ್ದೆ ವಾಸನೆಯ ಕಾರ್ಪೆಟ್. ನನಗೆ ಗಲಾಟೆ, ಚಳಿ ಎರಡೂ ಆಗಿಬರುವುದಿಲ್ಲ, ಆದ್ದರಿಂದ ನನ್ನ ಸಿಟ್ಟು ಸ್ವಲ್ಪ ಜಾಸ್ತಿಯೇ ಇರಬಹುದು.

ಹೊಟ್ಟೆ ತಣ್ಣಗೆ ಮಾಡಿದ್ದು ಮರುದಿನ ಸಿಕ್ಕ ಪುಟ್ಟ ತಿಂಡಿ ಅಂಗಡಿ. ಮೂರೇ ಮೇಜು. ಎಣ್ಣೆಯಲ್ಲಿ ಕರಿದ ಬ್ಯಾನಕ್, ಪಕ್ಕಕ್ಕೆ ಆರ್ಕ್ಟಿಕ್ ಚಾರ್ ಮೀನಿನ ಸೂಪ್. ಬ್ಯಾನಕ್ ಅಂದರೆ ಬಾಳೆಹಣ್ಣು ಹಾಕದ ಮಂಗಳೂರು ಬನ್ಸ್ ಅಂದುಕೊಳ್ಳಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮುರಿದರೆ ಹಬೆ. ಸೂಪಿಗೆ ಉಪ್ಪು ಬಿಟ್ಟರೆ ಮಸಾಲೆಯೇ ಇಲ್ಲ, ಆದರೆ ಮೀನು ಅಷ್ಟು ತಾಜಾ. ಉಡುಪಿಯಲ್ಲಿ ಬೆಳೆದ ನನ್ನವರು ಮೂರು ಬಟ್ಟಲು ಕುಡಿದರು. ಇಕಾಲುಯಿಟ್ ಅಂದರೆ ಬಹಳ ಮೀನಿರುವ ಜಾಗ ಅಂತ ಅರ್ಥವಂತೆ, ಅಂಗಡಿಯವರೇ ಹೇಳಿದರು. ಸಸ್ಯಾಹಾರಿಗಳು ಮಾತ್ರ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಿ.

ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಪ್ರತಿ ಊರಿಗೂ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಾವು ಇಟ್ಟುಕೊಂಡಿರಲಿಲ್ಲ, ರಜೆ ಮುಗಿಯಿತು, ಕಿಕ್ ನೋಡಲೇ ಇಲ್ಲ. ಇಕಾಲುಯಿಟ್‌ನಿಂದ ಒಟ್ಟಾವಾಗೆ 2,000 ಕಿ.ಮೀ.ಗೂ ಮೇಲೆ. ಆ ವಿಮಾನ ಮಾತ್ರ ಹೇಳಿದ ಸಮಯಕ್ಕೆ ಹೊರಟು ಮೂರು ಗಂಟೆಯಲ್ಲಿ ಇಳಿಸಿತು.